ವಿಶ್ವಾಸಕ್ಕೆ ಆಧಾರ ಕೇಳುವವರಿಗೆ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ಈ ಸಂಜೆಯ ಭಾಷಣಕ್ಕಾಗಿ ನನ್ನ ಬಳಿಗೆ ಬಂದಾಗ ನಾನು ದೇವಾಲಯದ ಇತಿಹಾಸವನ್ನೇ ಹೇಳಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ನಿಮ್ಮ ನಡುವೆಯೇ ಇದ್ದಾರೆ. ಮುರಕಲ್ಲು ಹೊತ್ತವರು ಯಾರು, ಹಂಚು ಕೊಟ್ಟವರು ಯಾರು, ಗಂಟೆ ತಂದವರು ಯಾರು ಎಂಬುದನ್ನು ಅವರೇ ಬರೆಯಲಿ. ನಾನು ಕೇಳಿ ಪಡೆದುಕೊಂಡ ವಿಷಯ ಬೇರೆ. ನೂರು ವರ್ಷಗಳಿಂದ ನಮ್ಮ ಜನ ಈ ಗೋಡೆಗಳ ನಡುವೆ ನಿಂತು ಭಾನುವಾರ ಭಾನುವಾರವೂ ವಿಶ್ವಾಸ ಪ್ರಮಾಣವನ್ನು ಹೇಳುತ್ತ ಬಂದಿದ್ದಾರೆ. ಹಾಗೆ ಹೇಳುವುದಕ್ಕೆ ಆಧಾರವೇನೆಂದು ಹೊರಗಿನವನೊಬ್ಬ ಕೇಳಿದರೆ, ಅಥವಾ ನಮ್ಮ ಮನೆಯ ಮಗನೇ ಕೇಳಿದರೆ, ಏನು ಹೇಳುತ್ತೇವೆ? ಇಂದು ನಾನು ಮಾತನಾಡಬಯಸುವುದು ಇದನ್ನೇ.

ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವನ್ನು ಮರೆಮಾಚದೆ ಹೇಳಿಬಿಡುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಇನ್ನೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಭಾನುವಾರದ ಪೂಜೆಯ ಬಳಿಕ ಧರ್ಮೋಪದೇಶದ ತರಗತಿ. ಹತ್ತನೆಯ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, "ಫಾದರ್, ಯೇಸು ಸತ್ತ್ ಎದ್ದ್ ಬಂದದ್ ಹೌದ್ ಅಂದ್ಹೇಳಿ ನಮ್ಗೆ ಗೊತ್ತಾಪುದ್ ಹ್ಯಾಂಗೆ?" ಎಂದು ಕೇಳಿದ. ಮಕ್ಕಳು ನಕ್ಕರು. ನನಗೆ ಬೇರೆ ಊರಿನಲ್ಲಿ ಇನ್ನೊಂದು ಪೂಜೆ ಇತ್ತು. "ಅದು ವಿಶ್ವಾಸದ ರಹಸ್ಯ, ತೋಮನ ಹಾಗೆ ಮಾಡಬೇಡ, ಕೂತ್ಕೋ" ಎಂದೆ. ಅವನು ಕುಳಿತ. ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ನಾನೂ ಅದನ್ನು ಮರೆತೆ.

ಹಲವು ವರ್ಷಗಳ ನಂತರ ಆ ಹುಡುಗನ ತಂದೆ ತೀರಿಕೊಂಡರು. ನಾನು ಅಂತ್ಯಕ್ರಿಯೆಗೆ ಹೋಗಿದ್ದೆ. ಮಗ ಇಂಜಿನಿಯರಾಗಿ ಕೊಲ್ಲಿ ದೇಶದಿಂದ ಬಂದಿದ್ದ. ತಂದೆಯ ಬಲಿಪೂಜೆ ನಡೆಯುವಷ್ಟು ಹೊತ್ತೂ ಅವನು ದೇವಾಲಯದ ಹೊರಗೆ, ಅಂಗಳದ ಮರದಡಿಯಲ್ಲಿ ನಿಂತಿದ್ದ. ಗೋರಿಗೆ ಮಣ್ಣು ಹಾಕಿದ ಮೇಲೆ ನನ್ನ ಬಳಿಗೆ ಬಂದು, ಗೌರವದಿಂದಲೇ, ಹಳೆಯ ಮಾತನ್ನು ನೆನಪಿಸಿದ. "ನಾನ್ ಅವತ್ತ್ ಹಟಕ್ಕೆ ಕೇಂಡದ್ದಲ್ಲ ಫಾದರ್. ನಿಮ್ಗೆ ಗೊತ್ತಿರತ್ತ್ ಅಂದ್ಹೇಳಿ ಕೇಂಡದ್ದ್" ಎಂದ.

ಸಹೋದರ ಸಹೋದರಿಯರೇ, ನನಗೆ ಗೊತ್ತಿತ್ತು. ಅದೇ ನನ್ನನ್ನು ಇಂದಿಗೂ ಚುಚ್ಚುವ ಸಂಗತಿ. ಜೆಪ್ಪುವಿನ ಸೆಮಿನರಿಯಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರಗಳ ಪಾಠ ಕೇಳಿ, ಆ ಪ್ರಶ್ನೆಗೆ ಸಂಬಂಧಿಸಿದ ಟಿಪ್ಪಣಿಗಳನ್ನು ನೋಟುಪುಸ್ತಕಗಳಲ್ಲಿ ತುಂಬಿಸಿಕೊಂಡು ಬಂದವನು ನಾನು. ಕೊಡಲು ಉತ್ತರವಿತ್ತು, ಕೊಡುವ ತಾಳ್ಮೆ ಇರಲಿಲ್ಲ. ಅಷ್ಟೇ ಅಲ್ಲ, ಪ್ರಶ್ನೆ ಕೇಳಿದ್ದೇ ಒಂದು ತಪ್ಪೆಂಬ ಭಾವನೆಯನ್ನು ಅವನಲ್ಲಿ ಹುಟ್ಟಿಸಿ ಕಳಿಸಿದೆ.

ತೋಮನ ಹೆಸರನ್ನು ಬೈಗುಳದಂತೆ ಬಳಸಿದ್ದೂ ಅನ್ಯಾಯವೇ. ಯೊವಾನ್ನರ ಶುಭಸಂದೇಶವನ್ನು ನಿಧಾನವಾಗಿ ಓದಿ ನೋಡಿ. ಗಾಯಗಳನ್ನು ಕಾಣದೆ ನಂಬಲಾರೆನೆಂದು ತೋಮರು ಹೇಳುತ್ತಾರೆ. ಎಂಟು ದಿನಗಳಾದ ಮೇಲೆ ಪ್ರಭು ಬಂದಾಗ ಮೊದಲು ಮಾಡಿದ್ದು ಗದರಿಸುವುದನ್ನಲ್ಲ. ಗಾಯಗಳನ್ನು ತೋರಿಸಿ ಮುಟ್ಟಿ ನೋಡೆಂದು ಕರೆದರು. ಕಾಣದೆ ನಂಬುವವರ ಭಾಗ್ಯದ ಮಾತು ಅನಂತರ ಬಂತು. ನಮ್ಮ ನಾಡಿಗೆ ಶುಭಸಂದೇಶ ತಂದರೆಂದು ಪರಂಪರೆ ಹೇಳುವ ಪ್ರೇಷಿತರು ಅವರೇ, ಆಧಾರ ಕೇಳಿದ ಪ್ರೇಷಿತರು.

ವಿಚಾರ ಬೇಡ, ವಿಶ್ವಾಸವೊಂದೇ ಸಾಕು ಎಂಬ ಮಾತು ಭಕ್ತಿಯ ಮಾತಿನಂತೆ ಕೇಳಿಸುತ್ತದೆ. ಆದರೆ ಅದು ಕಥೋಲಿಕ ಬೋಧನೆಯಲ್ಲ. 1870ನೆಯ ಇಸವಿ ಏಪ್ರಿಲ್ 24ರಂದು ಮೊದಲನೆಯ ವ್ಯಾಟಿಕನ್ ಮಹಾಸಭೆ, ಮನುಷ್ಯನು ತನ್ನ ಸಹಜವಾದ ವಿವೇಕದ ಬೆಳಕಿನಿಂದಲೇ ದೇವರಿದ್ದಾರೆಂದು ಅರಿಯಬಲ್ಲನೆಂದು ವಿಧ್ಯುಕ್ತವಾಗಿ ಸಾರಿತು. ಅದೇ ಸಭೆ ವಿಶ್ವಾಸವು ದೇವರ ವರವೆಂದೂ ಹೇಳಿತು. ಎರಡನ್ನೂ ಹೇಳಿತು ಎಂಬುದನ್ನು ಮರೆಯಬಾರದು. 1998ರಲ್ಲಿ ಜಗದ್ಗುರು ದ್ವಿತೀಯ ಜಾನ್ ಪಾಲರು ವಿಶ್ವಾಸ ಮತ್ತು ವಿವೇಕಗಳನ್ನು ಕುರಿತೇ ಒಂದು ವಿಶ್ವಪತ್ರವನ್ನು ಹೊರಡಿಸಿದರು.

ಸಂತ ಥಾಮಸ್ ಅಕ್ವಿನಾಸರ ಹೆಸರನ್ನು ನೀವು ಕೇಳಿದ್ದೀರಿ. 1225ರಿಂದ 1274ರವರೆಗೆ ಬಾಳಿದವರು. ಅವರ ಮಹಾಗ್ರಂಥದ ಒಂದು ಕ್ರಮ ನನಗೆ ಸೆಮಿನರಿಯಲ್ಲಿ ಕೇವಲ ಪಾಠದ ಶೈಲಿಯಂತೆ ಕಂಡಿತ್ತು. ಈಗ ಅದು ದೊಡ್ಡ ಧೈರ್ಯವೆಂದು ತೋರುತ್ತದೆ. ಯಾವ ವಿಷಯವನ್ನೇ ಎತ್ತಿಕೊಳ್ಳಲಿ, ಅವರು ಮೊದಲು ಎದುರಾಳಿಯ ಪಕ್ಷವನ್ನು ಬರೆಯುತ್ತಾರೆ. ದೇವರಿದ್ದಾರೆಯೇ ಎಂಬ ಪ್ರಶ್ನೆಗೂ ಹಾಗೆಯೇ. ಇಲ್ಲವೆನ್ನಲು ಎರಡು ಕಾರಣಗಳನ್ನು ಮೊದಲು ಕೊಡುತ್ತಾರೆ. ಒಂದು: ಮಿತಿಯಿಲ್ಲದ ಒಳಿತಾದ ದೇವರಿದ್ದರೆ ಲೋಕದಲ್ಲಿ ಕೆಡುಕು ಉಳಿಯಬಾರದಿತ್ತು, ಆದರೆ ಉಳಿದಿದೆ. ಇನ್ನೊಂದು: ಲೋಕದಲ್ಲಿ ಕಾಣುವ ಎಲ್ಲವನ್ನೂ ಪ್ರಕೃತಿಯಿಂದಲೋ ಮನುಷ್ಯನ ಬುದ್ಧಿಯಿಂದಲೋ ವಿವರಿಸಬಹುದಾದರೆ ದೇವರ ಅಗತ್ಯವೇನು? ಏಳೂವರೆ ಶತಮಾನಗಳಾದ ಮೇಲೆ ಇಂದಿನ ನಾಸ್ತಿಕರು ಬರೆಯುವ ಪುಸ್ತಕಗಳ ಮುಖ್ಯ ವಾದಗಳೂ ಹೆಚ್ಚು ಕಡಿಮೆ ಇವೇ ಎರಡು. ಅವನ್ನು ಒಬ್ಬ ಸನ್ಯಾಸಿ, ಗುರುವಿದ್ಯಾರ್ಥಿಗಳಿಗಾಗಿ ಬರೆದ ಪುಸ್ತಕದಲ್ಲಿ, ಯಾರೂ ಒತ್ತಾಯಿಸದೆ ಮೊದಲು ಬರೆದಿಟ್ಟರು.

ಅನಂತರವೇ ಅವರ ಐದು ಮಾರ್ಗಗಳು. ಅವೆಲ್ಲವನ್ನೂ ವಿವರಿಸಲು ಇಲ್ಲಿ ವೇಳೆಯಿಲ್ಲ. ಒಂದರ ತಿರುಳನ್ನು ನಮ್ಮೂರಿನ ಉದಾಹರಣೆಯಿಂದ ಹೇಳುತ್ತೇನೆ. ಕೋಟಿಲಿಂಗೇಶ್ವರನ ಕೊಡಿ ಹಬ್ಬದಲ್ಲಿ ರಥ ಎಳೆಯುವುದನ್ನು ನಾವೆಲ್ಲ ದಾರಿಯ ಬದಿಯಲ್ಲಿ ನಿಂತು ನೋಡಿದವರೇ. ರಥ ಏಕೆ ಚಲಿಸಿತು ಎಂದರೆ ಹಗ್ಗ ಎಳೆಯಿತು ಎನ್ನುತ್ತೇವೆ. ಹಗ್ಗದ ಈ ತುಂಡನ್ನು ಎಳೆದದ್ದು ಅದರ ಮುಂದಿನ ತುಂಡು. ಅದನ್ನು ಎಳೆದದ್ದು ಅದಕ್ಕೂ ಮುಂದಿನದು. ಆದರೆ ಹಗ್ಗವನ್ನು ಕುಂದಾಪುರದವರೆಗೆ ಉದ್ದ ಮಾಡಿದರೂ, ಎಳೆಯುವ ಕೈ ಇಲ್ಲದಿದ್ದರೆ ಗಾಲಿ ಒಂದಂಗುಲವೂ ಸರಿಯದು. ತನ್ನಷ್ಟಕ್ಕೆ ಎಳೆಯುವ ಶಕ್ತಿಯಿಲ್ಲದ ವಸ್ತುಗಳನ್ನು ಎಷ್ಟು ಪೋಣಿಸಿದರೂ ಶಕ್ತಿ ಹುಟ್ಟುವುದಿಲ್ಲ. ತಾನಾಗಿಯೇ ಇರಬೇಕೆಂಬ ಕಟ್ಟಳೆಯಿಲ್ಲದ ವಸ್ತುಗಳಿಂದಲೇ ತುಂಬಿದ ಈ ಲೋಕ ಇದೆಯೆಂದರೆ, ಇರವು ತನ್ನ ಸ್ವಂತದ್ದೇ ಆಗಿರುವ ಒಂದು ಮೂಲವಿರಬೇಕು. ವಾದ ಇಷ್ಟೇ. ಇದು ನನಗೆ ಗಟ್ಟಿಯಾಗಿ ಕಾಣುತ್ತದೆ. ಇದನ್ನು ಒಪ್ಪದ ಪ್ರಾಮಾಣಿಕ ವಿದ್ವಾಂಸರಿದ್ದಾರೆಂಬುದೂ ನನಗೆ ಗೊತ್ತು.

ಅಕ್ವಿನಾಸರ ಇನ್ನೊಂದು ಎಚ್ಚರಿಕೆ ನಮ್ಮ ಬೋಧಕರ ಕಿವಿಗೆ ಹೆಚ್ಚು ಬೀಳಬೇಕಾದದ್ದು. ತ್ರಿತ್ವವನ್ನಾಗಲಿ ಲೋಕಕ್ಕೆ ಕಾಲದಲ್ಲಿ ಒಂದು ಆರಂಭವಿತ್ತೆಂಬುದನ್ನಾಗಲಿ ಬರಿಯ ತರ್ಕದಿಂದ ಸಾಧಿಸಲಾಗದೆಂದು ಅವರು ಸ್ಪಷ್ಟವಾಗಿ ಹೇಳಿದರು. ಸಾಧಿಸಿದೆವೆಂದು ದುರ್ಬಲ ವಾದಗಳನ್ನು ಮುಂದಿಟ್ಟರೆ ಅವಿಶ್ವಾಸಿಗಳು ನಗುತ್ತಾರೆ, ನಾವು ನಂಬುವುದು ಇಂಥ ಜೊಳ್ಳು ಕಾರಣಗಳಿಗಾಗಿ ಎಂದು ತಿಳಿಯುತ್ತಾರೆ ಎಂಬುದು ಅವರ ಚಿಂತೆ. ಬೆಲ್ಜಿಯಂ ದೇಶದ ಗುರುಗಳಾದ ಜಾರ್ಜ್ ಲೆಮೈತ್ರ್ ಅವರಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ, ಅದು ಒಂದು ಆದಿಕಣದಿಂದ ಹೊರಟಿತೆಂದು 1931ರಲ್ಲಿ ಪ್ರತಿಪಾದಿಸಿದವರು ಅವರೇ. ಇಂದು ಮಹಾಸ್ಫೋಟವೆಂದು ಶಾಲೆಯ ಮಕ್ಕಳೂ ಕಲಿಯುವ ಸಿದ್ಧಾಂತದ ಮೂಲ ಅದು. ನಮ್ಮಲ್ಲಿ ಅನೇಕರಿಗೆ ಇದು ಗೊತ್ತಿಲ್ಲ; ಗೊತ್ತಾದ ಕೂಡಲೇ "ನೋಡಿ, ವಿಜ್ಞಾನವೇ ಸೃಷ್ಟಿಯನ್ನು ಒಪ್ಪಿತು" ಎಂದು ಕುಣಿಯುತ್ತೇವೆ. 1951ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ಹೆಚ್ಚು ಕಡಿಮೆ ಆ ಧಾಟಿಯಲ್ಲಿ ಮಾತನಾಡಿದಾಗ ಲೆಮೈತ್ರ್ ಅವರಿಗೆ ಅದು ಸರಿಬೀಳಲಿಲ್ಲ. ವಿಜ್ಞಾನದ ಊಹೆ ನಾಳೆ ಬದಲಾಗಬಹುದು. ಅದರ ಮೇಲೆ ವಿಶ್ವಾಸವನ್ನು ಕಟ್ಟಬೇಡಿ ಎಂಬುದು ಅವರ ನಿಲುವು. ವಿಜ್ಞಾನವನ್ನು ಅಡ್ಡಗಟ್ಟಿ ಕೆಟ್ಟ ಅನುಭವವೂ ನಮಗಿದೆ. 1633ರಲ್ಲಿ ಗೆಲಿಲಿಯೋ ಅವರಿಗೆ ವಿಧಿಸಿದ ಶಿಕ್ಷೆಯ ವಿಷಯದಲ್ಲಿ ನಮ್ಮವರ ಕಡೆಯಿಂದ ತಪ್ಪಾಯಿತೆಂದು ಜಗದ್ಗುರುಗಳ ಬಾಯಿಂದ ಸ್ಪಷ್ಟವಾಗಿ ಕೇಳಲು 1992ರವರೆಗೆ ಕಾಯಬೇಕಾಯಿತು.

ಇನ್ನು ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಯೇಸು ಪುನರುತ್ಥಾನರಾದರೆಂದು ತಿಳಿಯುವುದು ಹೇಗೆ?

ಕುಂದಾಪುರದ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ನಿಮ್ಮಲ್ಲಿ ಕೆಲವರಾದರೂ ಇರಬಹುದು; ಜಾಗದ ತಕರಾರು ಯಾವ ಮನೆಗೆ ತಪ್ಪಿದ್ದು! ನಡೆದುಹೋದ ಸಂಗತಿಯನ್ನು ನ್ಯಾಯಾಧೀಶರು ಪ್ರಯೋಗಶಾಲೆಯಲ್ಲಿ ಮತ್ತೊಮ್ಮೆ ನಡೆಯಿಸಿ ನೋಡುವುದಿಲ್ಲ. ಸಾಕ್ಷಿ ಯಾರು, ಯಾವಾಗ ಹೇಳಿದ, ಹೇಳಿ ಏನು ಗಳಿಸಿದ, ಎದುರು ಪಕ್ಷದವರು ಯಾವುದನ್ನು ಒಪ್ಪಿದರು ಎಂದು ನೋಡುತ್ತಾರೆ. ಇತಿಹಾಸವನ್ನೂ ಹಾಗೆಯೇ ನೋಡಬೇಕು.

ಎದುರು ಪಕ್ಷದಿಂದಲೇ ಆರಂಭಿಸೋಣ. ರೋಮಿನ ಇತಿಹಾಸಕಾರ ಟಾಸಿಟಸ್ 116ರ ಸುಮಾರಿಗೆ ಬರೆದ ಗ್ರಂಥದಲ್ಲಿ, ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ಪೊಂತಿಯ ಪಿಲಾತನಿಂದ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಬರೆಯುತ್ತಾನೆ. ನಮ್ಮವರ ಬಗ್ಗೆ ಅವನಿಗಿದ್ದದ್ದು ತಿರಸ್ಕಾರವೇ ಹೊರತು ಪ್ರೀತಿಯಲ್ಲ. ಆದುದರಿಂದಲೇ ಅವನ ಸಾಕ್ಷ್ಯಕ್ಕೆ ಬೆಲೆ. 112ರ ಸುಮಾರಿಗೆ ಪ್ಲೀನಿ ಎಂಬ ಅಧಿಕಾರಿ, ಕ್ರೈಸ್ತರು ನಸುಕಿನಲ್ಲಿ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ಚಕ್ರವರ್ತಿಗೆ ವರದಿ ಮಾಡಿದ. 1961ರಲ್ಲಿ ಕೈಸರೈಯದಲ್ಲಿ ಇಟಲಿಯ ಸಂಶೋಧಕರು ಅಗೆಯುತ್ತಿದ್ದಾಗ, ಯಾರೋ ಮೆಟ್ಟಿಲಿಗೆ ಮರುಬಳಕೆ ಮಾಡಿದ್ದ ಕಲ್ಲೊಂದರಲ್ಲಿ ಪಿಲಾತನ ಹೆಸರೂ ತಿಬೇರಿಯಸನ ಹೆಸರೂ ಕೊರೆದದ್ದು ಸಿಕ್ಕಿತು. ಪಿಲಾತನ ಮುಂದೆ ನಡೆದ ವಿಚಾರಣೆಯ ಕೆಲವು ಸಾಲುಗಳಿರುವ, ಯೊವಾನ್ನರ ಶುಭಸಂದೇಶದ ಅಂಗೈಯಗಲದ ಹಳೆಯ ಚೂರೊಂದು ಮ್ಯಾಂಚೆಸ್ಟರಿನ ಗ್ರಂಥಾಲಯದಲ್ಲಿದೆ. ಬಹುಕಾಲ ಅದನ್ನು ಎರಡನೆಯ ಶತಮಾನದ ಪೂರ್ವಾರ್ಧದ್ದೆಂದು ಹೇಳುತ್ತಿದ್ದರು. ಇನ್ನೂ ತಡವಾದದ್ದಿರಬಹುದೆನ್ನುವ ವಿದ್ವಾಂಸರೂ ಈಗ ಇದ್ದಾರೆ.

ಯೆಹೂದ್ಯ ಇತಿಹಾಸಕಾರ ಜೋಸೆಫಸನ ಗ್ರಂಥದಲ್ಲಿ ಯೇಸುವನ್ನು ಬಹಳ ಹೊಗಳಿದ ಒಂದು ಭಾಗವಿದೆ. ಹಿಂದೆ ಕೆಲವು ಉಪದೇಶಿಗಳು ಅದನ್ನೇ ಬ್ರಹ್ಮಾಸ್ತ್ರದಂತೆ ಬಳಸುತ್ತಿದ್ದರು. ಆ ಹೊಗಳಿಕೆಯ ಮಾತುಗಳನ್ನು ಮುಂದೆ ಯಾರೋ ಕ್ರೈಸ್ತ ಲಿಪಿಕಾರರು ಸೇರಿಸಿದರೆಂಬುದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ನಮ್ಮ ಕಡೆಯವನೇ ತಿದ್ದಿದ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಬಾರದು. ಅದೇ ಗ್ರಂಥದ ಇನ್ನೊಂದೆಡೆ ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ ಯಕೋಬನ ಕೊಲೆಯ ಪ್ರಸ್ತಾಪ ಬರುತ್ತದೆ. ಅದನ್ನು ಹೆಚ್ಚಿನವರು ಮೂಲದ್ದೇ ಎಂದು ಒಪ್ಪುತ್ತಾರೆ. ನಮಗೆ ಅಷ್ಟು ಸಾಕು.

ಇವೆಲ್ಲ ಯೇಸು ಬಾಳಿದ್ದರು, ಶಿಲುಬೆಯಲ್ಲಿ ಸತ್ತರು ಎಂಬುದಕ್ಕೆ ಸಾಕ್ಷ್ಯ. ಪುನರುತ್ಥಾನಕ್ಕೆ ನಮಗಿರುವ ಅತ್ಯಂತ ಹಳೆಯ ಲಿಖಿತ ಸಾಕ್ಷ್ಯ ಸಂತ ಪೌಲರದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯವನ್ನು ಮನೆಗೆ ಹೋಗಿ ತೆರೆದು ಓದಿರಿ. ಆ ಪತ್ರ ಶಿಲುಬೆಯ ಮರಣದಿಂದ ಸುಮಾರು 25 ವರ್ಷಗಳ ಒಳಗಿನದು. ಕೇವಲ 25 ವರ್ಷ! ಈ ಧರ್ಮಕೇಂದ್ರದ ಬೆಳ್ಳಿಹಬ್ಬದ ವೇಳೆಗೆ ಅಡಿಗಲ್ಲಿನ ದಿನವನ್ನು ಕಂಡವರು ಎಷ್ಟು ಮಂದಿ ಬದುಕಿರಲಿಲ್ಲ! ಪೌಲರು ಅಲ್ಲಿ ಪೇತ್ರರ ಹೆಸರು ಹೇಳುತ್ತಾರೆ, ಯಕೋಬರ ಹೆಸರು ಹೇಳುತ್ತಾರೆ, ಐನೂರಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕಂಡರೆನ್ನುತ್ತಾರೆ, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆಂದು ಸೇರಿಸುತ್ತಾರೆ. ಬೇಕಾದರೆ ಹೋಗಿ ಕೇಳಿ ನೋಡಿ ಎಂಬ ಧ್ವನಿ ಅದರಲ್ಲಿದೆ. ಕ್ರಿಸ್ತರು ಏಳದಿದ್ದರೆ ನಮ್ಮ ಬೋಧನೆಯೆಲ್ಲ ವ್ಯರ್ಥವೆಂದೂ ಅಲ್ಲಿಯೇ ಒಪ್ಪಿಕೊಳ್ಳುತ್ತಾರೆ. ತನ್ನ ವಾದ ಎಲ್ಲಿ ಮುರಿಯಬಹುದೆಂದು ಎದುರಾಳಿಗೆ ತಾನೇ ತೋರಿಸಿಕೊಡುವ ಮನುಷ್ಯ ಮೋಸಗಾರನಿರಲಾರನೆಂದು ನನಗನಿಸುತ್ತದೆ.

ಬರಿದಾದ ಸಮಾಧಿಯನ್ನು ಮೊದಲು ಕಂಡವರು ಹೆಂಗಸರೆಂದು ನಾಲ್ಕು ಶುಭಸಂದೇಶಗಳೂ ಹೇಳುತ್ತವೆ. ಆ ಕಾಲದಲ್ಲಿ ಹೆಂಗಸರ ಸಾಕ್ಷ್ಯಕ್ಕೆ ಬೆಲೆಯಿರಲಿಲ್ಲ. ಅದನ್ನು ಸ್ವೀಕರಿಸಬಾರದೆಂದು ಜೋಸೆಫಸನೇ ಬರೆಯುತ್ತಾನೆ. ಕಥೆ ಕಟ್ಟುವವರಾಗಿದ್ದರೆ ಪೇತ್ರರನ್ನೋ ಹಿರಿಯರಾದ ಬೇರೆ ಯಾರನ್ನೋ ಮೊದಲ ಸಾಕ್ಷಿಯಾಗಿ ನಿಲ್ಲಿಸುತ್ತಿದ್ದರು. ಎರಡನೆಯ ಶತಮಾನದ ಸೆಲ್ಸಸ್ ಎಂಬ ವಿರೋಧಿ ಇದನ್ನೇ ಹಿಡಿದುಕೊಂಡು, ಉನ್ಮಾದದ ಹೆಂಗಸೊಬ್ಬಳ ಮಾತನ್ನು ನಂಬುತ್ತೀರೆಂದು ಗೇಲಿ ಮಾಡಿದ. ಆ ಸೆಲ್ಸಸನ ಪುಸ್ತಕ ಇಂದು ಎಲ್ಲಿಯೂ ಉಳಿದಿಲ್ಲ. ಅವನ ವಾದಗಳು ನಮಗೆ ಗೊತ್ತಿರುವುದು, 248ರ ಸುಮಾರಿಗೆ ಒರಿಜೆನ್ ಎಂಬ ಕ್ರೈಸ್ತ ಪಂಡಿತರು ಎಂಟು ಭಾಗಗಳಲ್ಲಿ ಅವನಿಗೆ ಉತ್ತರ ಬರೆಯುವಾಗ ಅವನ ಮಾತುಗಳನ್ನು ಒಂದೊಂದಾಗಿ ಎತ್ತಿ ಬರೆದುಕೊಂಡದ್ದರಿಂದ. ವೈರಿಯ ಮಾತನ್ನು ನಾಶವಾಗದಂತೆ ಕಾಪಾಡಿದ್ದು ಅವನಿಗೆ ಉತ್ತರ ಕೊಟ್ಟವರೇ. ನಾನು ಮಾತ್ರ ಹದಿನೈದರ ಹುಡುಗನನ್ನು ಒಂದು ನಿಮಿಷ ನಿಲ್ಲಗೊಡಲಿಲ್ಲ.

ಪ್ರಭುವನ್ನು ಹಿಡಿದ ರಾತ್ರಿ ಓಡಿಹೋದ ಶಿಷ್ಯರು ಕೆಲವೇ ವಾರಗಳಲ್ಲಿ ಅದೇ ಜೆರುಸಲೇಮಿನ ಬೀದಿಯಲ್ಲಿ ಎದೆಯೊಡ್ಡಿ ನಿಂತರು. ಹಣ ಸಿಗಲಿಲ್ಲ, ಅಧಿಕಾರ ಸಿಗಲಿಲ್ಲ, ಸಿಕ್ಕಿದ್ದು ಛಡಿ ಏಟು ಮತ್ತು ಸೆರೆಮನೆ. ಅವರು ಭ್ರಮೆಗೊಳಗಾದರೆನ್ನಬಹುದು. ಆದರೆ ದುಃಖದಲ್ಲಿರುವ ಒಬ್ಬರಿಗೆ ಭ್ರಮೆಯಾದೀತು. ಬೇರೆ ಬೇರೆ ಕಡೆ, ಬೇರೆ ಬೇರೆ ಗುಂಪುಗಳಿಗೆ, ಹಿಂಸಕನಾಗಿದ್ದ ಪೌಲನಿಗೂ ಒಂದೇ ಭ್ರಮೆಯಾಯಿತೆ? ದೇಹವನ್ನು ಕದ್ದರೆನ್ನಬಹುದು. ಕದ್ದವರು ಅದಕ್ಕಾಗಿ ಸಾಯಲು ಸಿದ್ಧರಾದರೆ? ಇಷ್ಟರಿಂದ ಪುನರುತ್ಥಾನವನ್ನು ಗಣಿತದ ಲೆಕ್ಕದಂತೆ ಸಾಧಿಸಿದೆನೆಂದು ಹೇಳಲಾರೆ. ಸತ್ತವರು ಏಳುವುದು ಎಂದಿಗೂ ಅಸಾಧ್ಯವೆಂದು ಮೊದಲೇ ತೀರ್ಮಾನಿಸಿಕೊಂಡವನಿಗೆ ಎಷ್ಟು ಸಾಕ್ಷಿಗಳೂ ಸಾಲವು. ಆ ತೀರ್ಮಾನವನ್ನು ಸ್ವಲ್ಪ ಬದಿಗಿಟ್ಟು ನೋಡುವವನಿಗೆ, ನಮ್ಮ ವಿಶ್ವಾಸ ಅಜ್ಜಿಕಥೆಯ ಮೇಲೆ ನಿಂತದ್ದಲ್ಲವೆಂದು ಕಾಣುತ್ತದೆ. ಆ ಹುಡುಗನಿಗೆ ನಾನು ಇಷ್ಟನ್ನು ಹೇಳಬಹುದಾಗಿತ್ತು. ಇದಕ್ಕೆ ಬೇಕಾದದ್ದು ಹೆಚ್ಚೆಂದರೆ ಹತ್ತು ನಿಮಿಷ.

ಇಲ್ಲಿಯವರೆಗೆ ಕೇಳಲು ನಿಮಗೆ ಹಿತವಾಗಿತ್ತು. ಇನ್ನು ಹೇಳುವುದು ಅಷ್ಟು ಹಿತವಾಗದಿರಬಹುದು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗಾಗಿ ಒಂದು ಸಮಿತಿಯನ್ನು ನೇಮಿಸಿದರು. ನಾಡಿನಲ್ಲೆಲ್ಲ ಅದೇ ಚರ್ಚೆ. ನಾನಾಗ ಹುಡುಗ. ನಮ್ಮವರು ಅನೇಕರು ಅದನ್ನು ಮೆಚ್ಚಿದ್ದು ನೆನಪಿದೆ. ಪರೀಕ್ಷೆಗೆ ಕರೆಯಲ್ಪಟ್ಟವರು ನಮ್ಮವರಲ್ಲವಲ್ಲ! ಇಲ್ಲಿಂದ ಕೆಲವೇ ಮೈಲಿ ದಕ್ಷಿಣಕ್ಕಿರುವ ಕೋಟದಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು, ತನಗೆ ಅನುಭವವಾಗದ ದೇವರನ್ನು ಇದ್ದಾನೆಂದು ಹೇಳಲೊಪ್ಪದೆ 95 ವರ್ಷ ಬಾಳಿದರು. ಅವರ ಮಾತನ್ನು ಇತರರ ಮೂಢನಂಬಿಕೆಗಳ ವಿರುದ್ಧ ಉದ್ಧರಿಸುವವರು ನಮ್ಮಲ್ಲಿದ್ದರು; ಆ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಿದೆಯೆಂದು ಎಷ್ಟು ಮಂದಿ ಯೋಚಿಸಿದರೋ ತಿಳಿಯದು. ನೆರೆಯವರ ನಂಬಿಕೆಯನ್ನು ಹಂಗಿಸಿ ನಮ್ಮದನ್ನು ಸಮರ್ಥಿಸಿಕೊಳ್ಳುವ ಚಟ ಹೊಸದೂ ಅಲ್ಲ, ಒಳ್ಳೆಯದೂ ಅಲ್ಲ. ಅವರ ಪವಾಡಕ್ಕೆ ಒಂದು ತಕ್ಕಡಿ, ನಮ್ಮದಕ್ಕೆ ಇನ್ನೊಂದು ಎಂಬುದು ನಮ್ಮ ಅಂಗಡಿಯವರೂ ಒಪ್ಪದ ವ್ಯಾಪಾರ.

ಆ ತಕ್ಕಡಿ 2012ರ ಮಾರ್ಚ್ ತಿಂಗಳಲ್ಲಿ ನಮ್ಮ ಮುಂದೆಯೇ ಬಂತು. ನಮ್ಮ ಅನೇಕ ಕುಟುಂಬಗಳು ನೆಲೆಸಿರುವ ಮುಂಬಯಿಯ ವಿಲೇ ಪಾರ್ಲೆಯಲ್ಲಿ, ದೇವಾಲಯವೊಂದರ ಬಳಿಯ ಶಿಲುಬೆಯ ಪ್ರತಿಮೆಯ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಗುಂಪುಗೂಡಿ ಅದನ್ನು ಪವಿತ್ರ ಜಲವೆಂದು ಸಂಗ್ರಹಿಸಿದರು. ಸನಲ್ ಎಡಮರುಕು ಎಂಬ ವಿಚಾರವಾದಿ ಬಂದು ನೋಡಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಮೂಲಕ ಏರಿ ಬರುತ್ತಿದೆಯೆಂದರು. ಟೆಲಿವಿಷನ್ ಚರ್ಚೆಯಲ್ಲಿ ಅವರಾಡಿದ ಇತರ ಮಾತುಗಳು ಅನೇಕ ಕಥೋಲಿಕರನ್ನು ನೋಯಿಸಿದವು ಎಂಬುದು ನಿಜ. ಅವರ ವಿರುದ್ಧ ಪೊಲೀಸರಲ್ಲಿ ದೂರುಗಳು ದಾಖಲಾದವು. ಅದೇ ವರ್ಷ ಅವರು ಫಿನ್ಲೆಂಡಿಗೆ ಹೋದರು. ನೋವಾಗಿದ್ದರೆ ಬಾಯಿಮಾತಿನಿಂದ ಉತ್ತರ ಹೇಳಬಹುದಿತ್ತು. ಆದರೆ ನೀರಿನ ಪ್ರಶ್ನೆಗೆ ಉತ್ತರ ಪೊಲೀಸ್ ಠಾಣೆಯಲ್ಲಿಲ್ಲ, ಕೊಳಾಯಿ ಕೆಲಸದವನ ಬಳಿಯಿದೆ. ಆಷಾಢದ ಮಳೆಗೆ ನಮ್ಮ ಈ ಮುರಕಲ್ಲಿನ ಗೋಡೆಯೂ ಮೂರಡಿ ಎತ್ತರದವರೆಗೆ ಒದ್ದೆಯಾಗುತ್ತದೆ. ಅದನ್ನು ನಾವು ಅದ್ಭುತವೆನ್ನುವುದಿಲ್ಲ; ದುರಸ್ತಿಗೆ ವಂತಿಗೆ ಎತ್ತುತ್ತೇವೆ.

ಧರ್ಮಸಭೆಯ ಹಳೆಯ ಸಂಪ್ರದಾಯ ಇಂಥ ಆತುರದ್ದಲ್ಲ. ಲೂರ್ದಿನಲ್ಲಿ 1883ರಿಂದಲೇ ವೈದ್ಯರ ಕಚೇರಿಯೊಂದು ಇದೆ. ಅಲ್ಲಿ ಗುಣಹೊಂದಿದೆವೆಂದು ಹೇಳಿಕೊಂಡು ಬಂದವರ ದಾಖಲೆಗಳು 7,000ಕ್ಕೂ ಹೆಚ್ಚು. ಅದ್ಭುತವೆಂದು ಧರ್ಮಸಭೆ ಒಪ್ಪಿದ್ದು 70ರ ಆಸುಪಾಸು. ಟುರಿನ್ ನಗರದ ಶವವಸ್ತ್ರದ ತುಣುಕುಗಳನ್ನು 1988ರಲ್ಲಿ ಮೂರು ಪ್ರಯೋಗಶಾಲೆಗಳಿಗೆ ಕೊಡಲಾಯಿತು. ಬಟ್ಟೆ 1260 ಮತ್ತು 1390ರ ನಡುವಿನದೆಂದು ಅವು ಹೇಳಿದವು. ಅದನ್ನು ಪ್ರಕಟಿಸಿದವರು ಬೇರೆ ಯಾರೂ ಅಲ್ಲ, ಆ ವಸ್ತ್ರದ ಪಾಲಕರಾದ ಕಾರ್ಡಿನಲರೇ. ವಿವಾದ ಇನ್ನೂ ಮುಗಿದಿಲ್ಲ. ಆದರೆ ನಮ್ಮ ವಿಶ್ವಾಸ ಆ ಬಟ್ಟೆಗೆ ಕಟ್ಟಿದ್ದಲ್ಲ.

ನಮಗೆ ಹತ್ತಿರದ ಉದಾಹರಣೆ ಸಂತ ಜೋಸೆಫ್ ವಾಜರದು. 1681ರಿಂದ 1684ರವರೆಗೆ ಕನ್ನಡ ಜಿಲ್ಲೆಯ ಈ ಕರಾವಳಿಯಲ್ಲಿ ಸೇವೆ ಮಾಡಿದ ಗೋವೆಯ ಗುರುಗಳು ಅವರು. ಕುಂದಾಪುರದ ದೇವಾಲಯದಲ್ಲಿ ಪ್ರಾರ್ಥನೆಯಲ್ಲಿ ಮೈಮರೆತಿದ್ದಾಗ ಅವರು ಶಿಲುಬೆಯತ್ತ ಮೇಲಕ್ಕೇರಿದರೆಂಬ ಕಥೆಯನ್ನು ನಾವು ಹಿರಿಯರಿಂದ ಕೇಳುತ್ತ ಬಂದಿದ್ದೇವೆ. ಆ ಕಥೆಯನ್ನು ನಾನು ಅಲ್ಲಗಳೆಯುವುದಿಲ್ಲ, ಮಕ್ಕಳಿಗೆ ಹೇಳಬೇಡಿರೆಂದೂ ಹೇಳುವುದಿಲ್ಲ. ಆದರೆ ಆ ಒಂದು ಕಥೆಯನ್ನು ನೆಚ್ಚಿ ಯಾರೂ ಅವರನ್ನು ಸಂತರೆಂದು ಸಾರಲಿಲ್ಲ. 1711ರಲ್ಲಿ ಅವರು ಕ್ಯಾಂಡಿಯಲ್ಲಿ ತೀರಿಕೊಂಡರು. ಧನ್ಯರೆಂದು ಘೋಷಣೆಯಾದದ್ದು 1995ರಲ್ಲಿ, ಸಂತರೆಂದು 2015ರ ಜನವರಿ 14ರಂದು. ನಡುವೆ 304 ವರ್ಷಗಳ ಕಾಗದಪತ್ರ, ವಿಚಾರಣೆ, ಆಕ್ಷೇಪ. ಇಂಥ ವಿಚಾರಣೆಗಳಲ್ಲಿ ಆಕ್ಷೇಪಣೆ ಎತ್ತುವುದನ್ನೇ ಕೆಲಸವಾಗಿ ಉಳ್ಳ ಅಧಿಕಾರಿಯನ್ನು ಜನ ಸೈತಾನನ ವಕೀಲನೆಂದು ಕರೆಯುತ್ತಿದ್ದರು. 1983ರ ತಿದ್ದುಪಡಿಯ ನಂತರ ಆ ಹುದ್ದೆಯ ಸ್ವರೂಪ ಬದಲಾಗಿದೆ. ಸಂತ ಪದವಿಗೆ ರೂಢಿಯಂತೆ ಬೇಕಾದ ಎರಡನೆಯ ಅದ್ಭುತದ ನಿಬಂಧನೆಯನ್ನು ಅಂದಿನ ಜಗದ್ಗುರು ಫ್ರಾನ್ಸಿಸರು ವಾಜರ ವಿಷಯದಲ್ಲಿ ಸಡಿಲಿಸಿದರು. ಇದನ್ನು ಕೆಲವರು ಮೆಲುದನಿಯಲ್ಲಿ, ಏನೋ ಕೊರತೆಯೆಂಬಂತೆ ಹೇಳುತ್ತಾರೆ. ನನಗೆ ಅದರಲ್ಲಿ ಕೊರತೆ ಕಾಣುವುದಿಲ್ಲ. ಕಿರುಕುಳದ ನಡುವೆ ಸಿಂಹಳ ದ್ವೀಪದಲ್ಲಿ 24 ವರ್ಷ ದುಡಿದು, ಸಿಡುಬಿನ ರೋಗಿಗಳ ಶುಶ್ರೂಷೆ ಮಾಡಿದ ಆ ಬಾಳು ಯಾರಾದರೂ ಪರಿಶೀಲಿಸಬಹುದಾದ ಸಾಕ್ಷ್ಯ.

ಆದುದರಿಂದ ಮೊಬೈಲಿನಲ್ಲಿ ಕಣ್ಣೀರು ಸುರಿಸುವ ಪ್ರತಿಮೆಯ ಚಿತ್ರವೊಂದು ಬಂದರೆ, ಹತ್ತು ಮಂದಿಗೆ ಕಳುಹಿಸುವ ಮೊದಲು ಎಲ್ಲಿಯದು, ಯಾವಾಗಿನದು, ಅಲ್ಲಿಯ ಬಿಷಪರು ಏನೆಂದರು ಎಂದು ಕೇಳುವ ಕೃಪೆ ಮಾಡಿ. ಕಳೆದ ತೆರಾಲಿಯ ವಾರದಲ್ಲಿ ನನಗೇ ಅಂಥ ನಾಲ್ಕು ಬಂದವು, ನಾಲ್ಕನ್ನೂ ಕಳಿಸಿದವರು ಈ ಸಭೆಯಲ್ಲಿದ್ದಾರೆ. ಹೆಸರು ಹೇಳುವುದಿಲ್ಲ.

ಕೊಲ್ಲಿಗೆ ಹೋದ ಆ ಮನುಷ್ಯ ಈಗ ನನಗೆ ಆಗಾಗ ಫೋನು ಮಾಡುತ್ತಾನೆ. ಇಂದು ನಿಮಗೆ ಹೇಳಿದ್ದರಲ್ಲಿ ಬಹುಪಾಲು ಅವನೊಡನೆ ಮಾತನಾಡುತ್ತ ಮಾತನಾಡುತ್ತ ನಾನು ಮತ್ತೆ ಕಲಿತದ್ದು. ಪೌಲರ ಪತ್ರದ ವಿಷಯ ಅವನಿಗೆ ತೂಕದ್ದೆಂದು ತೋರಿತು. ಜೋಸೆಫಸನ ವಿಷಯದಲ್ಲಿ ನಾನು ನಿಜ ಹೇಳಿದ್ದು ಅದಕ್ಕಿಂತ ಹೆಚ್ಚು ಹಿಡಿಸಿತಂತೆ. ಅವನು ದೇವಾಲಯಕ್ಕೆ ಮರಳಿ ಬಂದಿದ್ದಾನೆಂದು ಹೇಳಿ ನಿಮ್ಮನ್ನು ಸಂತೋಷಪಡಿಸುವ ಆಸೆ ನನಗಿದೆ, ಬಂದಿಲ್ಲ. ಕಳೆದ ಸಲ ಅವನು ಕೇಳಿದ್ದು ಅಕ್ವಿನಾಸರು ಮೊದಲಲ್ಲಿಯೇ ಬರೆದಿಟ್ಟ ಆಕ್ಷೇಪವನ್ನು: ಅವನ ಸಹೋದ್ಯೋಗಿಯೊಬ್ಬರ ನಾಲ್ಕು ವರ್ಷದ ಮಗಳು ಕ್ಯಾನ್ಸರಿನಿಂದ ತೀರಿಕೊಂಡಳು, ಅದಕ್ಕೇನು ಹೇಳುತ್ತೀರಿ? ಕೆಡುಕಿನಿಂದಲೂ ದೇವರು ಒಳಿತನ್ನು ತರಬಲ್ಲರೆಂಬ ಅಕ್ವಿನಾಸರ ಉತ್ತರವನ್ನು ಹೇಳಿದೆ. ಅದು ಸತ್ಯವೆಂದು ನಂಬುತ್ತೇನೆ. ಆದರೆ ಆ ಮಗುವಿನ ತಾಯಿಯ ಎದುರಿಗೆ ಅದನ್ನು ನಾನು ಹೇಳಲಾರೆನೆಂದೂ ಅವನಿಗೆ ಹೇಳಿದೆ. ಅಲ್ಲಿ ಶಿಲುಬೆಯ ಬಳಿ ನಿಂತ ಮಾತೆ ಮರಿಯಳಂತೆ ಸುಮ್ಮನೆ ನಿಲ್ಲುವುದಷ್ಟೇ ನನಗೆ ಗೊತ್ತಿರುವುದು. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಮುಂದಿನ ವಾರ ಮತ್ತೆ ಮಾಡುತ್ತೇನೆಂದ.

ನನಗೆ ಕೊಟ್ಟ ವೇಳೆ ಮುಗಿದಿದೆ. ಕಾರ್ಯಕ್ರಮದ ಪಟ್ಟಿಯಲ್ಲಿ ಈಗ ವಂದನಾರ್ಪಣೆ ಎಂದಿದೆ. ಕಾರ್ಯದರ್ಶಿಗಳ ಅಪ್ಪಣೆ ಪಡೆದು ಅದನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದ್ದೇನೆ. ಯಾರಿಗೂ ಬೇರೆ ಪೂಜೆಗೆ ಹೋಗುವ ಅವಸರವಿಲ್ಲ. ಹಿಂದೆ ಬಾಗಿಲ ಬಳಿ ನಿಂತಿರುವ ಯುವಕರು ದಯವಿಟ್ಟು ಮುಂದೆ ಬಂದು ಈ ಖಾಲಿ ಬೆಂಚುಗಳಲ್ಲಿ ಕುಳಿತುಕೊಳ್ಳಲಿ. ಮೊದಲ ಪ್ರಶ್ನೆ ನಿಮ್ಮಿಂದಲೇ ಬರಲಿ.